ಕ್ಯಾಪ್, ಬ್ರಿಡ್ಜ್, ಇಂಪ್ಲಾಂಟ್ ಇದ್ದ ಬಾಯಿಗೆ ಕ್ಲಿಪ್ ಹಾಕಿಸಿದ ಅನುಭವ

ಕ್ಲಿಪ್ ತೆಗೆಸಿ ವರ್ಷ ದಾಟಿತು, ಹಲ್ಲುಗಳು ಕೂತಲ್ಲೇ ಕೂತಿವೆ. ಹಾಗಾಗಿ ಈಗ ಬರೆಯಬಹುದು. ಐದಕ್ಕೆ ನಾಲ್ಕು ಸ್ಟಾರ್.

ಮಕ್ಕಳ ಕ್ಲಿಪ್ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಬಾಯಲ್ಲಿ ಆಗಲೇ ರಿಪೇರಿ ಮಾಡಿಸಿಕೊಂಡವರಿಗೆ ಹೇಳುವವರು ಕಡಿಮೆ. ನನ್ನ ಬಾಯಿಯ ಆಸ್ತಿ ಇಷ್ಟು: ಮೇಲೆ ಎದುರಿನ ಹಲ್ಲೊಂದಕ್ಕೆ ರೂಟ್ ಕೆನಾಲ್ ಆಗಿ ಪಿಂಗಾಣಿ ಕ್ಯಾಪ್, ಕೆಳಗೆ ಎಡಗಡೆ ಬ್ರಿಡ್ಜ್ (ಹೋದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಜೋಡಿಸಿದ ಹಲ್ಲು), ಬಲಗಡೆ ದವಡೆಯಲ್ಲೊಂದು ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಕೂರಿಸಿ ಹಾಕಿದ ಕೃತಕ ಹಲ್ಲು).

ಉಡುಪಿಯಲ್ಲಿ ಮೊದಲು ಹೋದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಕೂಡ ತೆಗೆಯದೆ "ಅಲೈನರ್ (ತಂತಿಯ ಬದಲು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು) ಹಾಕುವ, ಎಲ್ಲ ಸರಿಯಾಗ್ತದೆ" ಎಂದು ಇಎಂಐ ಲೆಕ್ಕ ಶುರು ಮಾಡಿದರು. ಎದ್ದು ಬಂದೆ. ಮಂಗಳೂರಿನಲ್ಲಿ ಸಿಕ್ಕಿದ ಆರ್ಥೋಡಾಂಟಿಸ್ಟ್ (ಕ್ಲಿಪ್ ಹಾಕುವ ತಜ್ಞ ಡಾಕ್ಟರು) ಮೊದಲು ಕೇಳಿದ್ದೇ ಹಳೆಯ ಫೈಲು. ಯಾವ ಹಲ್ಲಿಗೆ ಯಾವಾಗ ಏನು ಮಾಡಿಸಿದ್ದು, ಕ್ಯಾಪ್ ಯಾವುದರದ್ದು ಎಂದೆಲ್ಲ ವಿಚಾರಿಸಿ, ಓಪಿಜಿ (ಎಲ್ಲ ಹಲ್ಲು, ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ), ಸೆಫಲೋಗ್ರಾಮ್ (ತಲೆಯ ಪಕ್ಕದ ಎಕ್ಸ್‌ರೇ) ಎರಡೂ ನೋಡಿದ ಮೇಲೆಯೇ ಅಭಿಪ್ರಾಯ ಹೇಳಿದರು.

ರೂಟ್ ಕೆನಾಲ್ ಆದದ್ದು ಸತ್ತ ಹಲ್ಲು, ಅದು ಸರಿಯುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಹಾಗೇನಿಲ್ಲ. ಹಲ್ಲು ಸರಿಯುವುದು ಬೇರಿಗೂ ಮೂಳೆಗೂ ನಡುವೆ ಇರುವ ತೆಳು ನಾರಿನ ಪದರದಿಂದ. ರೂಟ್ ಕೆನಾಲ್‌ನಲ್ಲಿ ತೆಗೆಯುವುದು ಒಳಗಿನ ನರವನ್ನು, ಆ ಪದರವನ್ನಲ್ಲ. ಬೇರಿನ ತುದಿಯಲ್ಲಿ ಸೋಂಕು ಉಳಿದಿಲ್ಲ ಎಂದು ಖಾತ್ರಿಯಾಗಬೇಕು, ಅಷ್ಟೆ. ಇಂಪ್ಲಾಂಟ್ ಇದಕ್ಕೆ ತದ್ವಿರುದ್ಧ. ಟೈಟಾನಿಯಂ ಸ್ಕ್ರೂ ನೇರ ಮೂಳೆಗೇ ಬೆಸೆದಿರುವುದರಿಂದ ಜಪ್ಪಯ್ಯ ಎಂದರೂ ಕದಲದು. ನನ್ನದು ಸರಿಯಾದ ಜಾಗದಲ್ಲೇ ಇದ್ದುದರಿಂದ ಡಾಕ್ಟರು ಅದನ್ನೇ ಆಧಾರವಾಗಿಟ್ಟು ಮುಂದಿನ ಹಲ್ಲುಗಳನ್ನು ಎಳೆದರು. ನೀವಿನ್ನೂ ಇಂಪ್ಲಾಂಟ್ ಹಾಕಿಸಿಲ್ಲವಾದರೆ ಮೊದಲು ಕ್ಲಿಪ್‌ನವರ ಹತ್ತಿರ ಮಾತಾಡಿ.

ಬ್ರಿಡ್ಜನ್ನು ಮಾತ್ರ ಕೊಯ್ದೇ ತೆಗೆಯಬೇಕಾಯಿತು. ಒಂದಕ್ಕೊಂದು ಜೋಡಿಸಿದ ಹಲ್ಲುಗಳನ್ನು ಬೇರೆ ಬೇರೆಯಾಗಿ ಸರಿಸುವುದು ಹೇಗೆ? ಅಲ್ಲಿಗೆ ತಾತ್ಕಾಲಿಕ ಕ್ಯಾಪ್ ಬಂತು.

ನಿಜವಾದ ತಲೆನೋವು ಎದುರಿನ ಕ್ಯಾಪ್. ಸ್ವಂತ ಹಲ್ಲಿಗೆ ಅಂಟಿದ ಹಾಗೆ ಪಿಂಗಾಣಿಗೆ ಬ್ರಾಕೆಟ್ (ತಂತಿಯನ್ನು ಹಿಡಿದಿಡುವ ಸಣ್ಣ ಬಿಲ್ಲೆ) ಅಂಟುವುದಿಲ್ಲ. ಹೊಳಪು ಉಜ್ಜಿ ತೆಗೆದು, ವಸಡಿಗೆ ತಾಗದಂತೆ ರಕ್ಷಣೆಯ ಪದರ ಹಚ್ಚಿ, ಹೈಡ್ರೋಫ್ಲೋರಿಕ್ ಆಸಿಡ್ ಬಳಿದು, ತೊಳೆದು ಒಣಗಿಸಿ, ಮೇಲಿಂದ ಸಿಲೇನ್ ಎಂಬ ದ್ರವ ಒರೆಸಿ, ಆಮೇಲೆ ಅಂಟು. ಇಷ್ಟೆಲ್ಲ ಆಗಿಯೂ ಒಂದು ರಾತ್ರಿ ಕೋರಿ ರೊಟ್ಟಿ ಉಣ್ಣುವಾಗ ಬ್ರಾಕೆಟ್ ಕಿತ್ತು ಬಂದು ತಂತಿಯಲ್ಲಿ ಜೋಕಾಲಿ ಆಡತೊಡಗಿತು. ರೊಟ್ಟಿ ಸಾರಿನಲ್ಲಿ ಚೆನ್ನಾಗಿಯೇ ನೆನೆದಿತ್ತು, ಅದರ ಮೇಲೆ ಗೂಬೆ ಕೂರಿಸುವಂತಿಲ್ಲ. ತಂತಿಗೆ ಮೇಣ ಒತ್ತಿಕೊಂಡು ಮರುದಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಮತ್ತೆ ಅಂಟಿಸಿದ್ದಕ್ಕೆ ದುಡ್ಡು ಕೇಳಲಿಲ್ಲ. ಎಲ್ಲ ಕಡೆ ಹೀಗಿರುತ್ತದೆ ಎಂದುಕೊಳ್ಳಬೇಡಿ, ಮೊದಲೇ ಕೇಳಿಡಿ.

ಊಟದ್ದು ದೊಡ್ಡ ಕಥೆಯಲ್ಲ. ತಂತಿ ಬಿಗಿ ಮಾಡಿಸಿದ ಮೇಲೆ ಒಂದೆರಡು ದಿನ ಗಂಜಿ, ನೀರುದೋಸೆ. ಬಂಗುಡೆ ತಿಂದರೆ ಸಂದಿ ತೊಳೆಯುವ ಸಣ್ಣ ಬ್ರಷ್ ಜೇಬಿನಲ್ಲಿರಲಿ.

ಒಂದು ಸ್ಟಾರ್ ಕಡಿತ ದುಡ್ಡಿನ ವಿಷಯಕ್ಕೆ. ಕ್ಲಿಪ್‌ಗೆ ಹೇಳಿದ್ದು 45,000 ರೂಪಾಯಿ. ಹೊಸ ಬ್ರಿಡ್ಜ್, ತಾತ್ಕಾಲಿಕ ಕ್ಯಾಪ್, ಹೊಳಪು ಹೋದ ಎದುರಿನ ಕ್ಯಾಪಿನ ಬದಲಿಗೆ ಇನ್ನೊಂದು, ಇವೆಲ್ಲ ಬೇರೆ ಲೆಕ್ಕ. ಕೂಡಿಸಿ ನೋಡಿದರೆ ಕ್ಲಿಪ್‌ಗಿಂತ ಹಳೆ ಕೆಲಸದ ಬಾಬ್ತೇ ಜಾಸ್ತಿ. "ಸ್ವಲ್ಪ ಎಕ್ಸ್‌ಟ್ರಾ ಆಗ್ತದೆ" ಎಂದು ಬಾಯಿಮಾತಿನಲ್ಲಿ ತೇಲಿಸುವ ಬದಲು ಮೊದಲ ದಿನವೇ ಬರೆದು ಕೊಡಬೇಕಿತ್ತು. ಹಳೆ ಕೆಲಸ ತುಂಬ ಇದ್ದವರು ಮಣಿಪಾಲದ್ದೋ ದೇರಳಕಟ್ಟೆಯದ್ದೋ ಡೆಂಟಲ್ ಕಾಲೇಜಿನಲ್ಲಿ ಒಮ್ಮೆ ತೋರಿಸಿ. ಕ್ಲಿಪ್, ಕ್ಯಾಪ್, ವಸಡಿನವರು ಎಲ್ಲ ಒಂದೇ ಕಡೆ ಸಿಗುತ್ತಾರೆ. ಕಾಯುವ ತಾಳ್ಮೆ ಬೇಕು.

ಕ್ಲಿಪ್ ತೆಗೆದ ದಿನ ಕೊಟ್ಟದ್ದು ತಾತ್ಕಾಲಿಕ ರಿಟೈನರ್ (ಸರಿಸಿದ ಹಲ್ಲು ಮತ್ತೆ ಹಳೆ ಜಾಗಕ್ಕೆ ಜಾರದಂತೆ ಹಾಕಿಕೊಳ್ಳುವ ಅಚ್ಚು). ಹೊಸ ಕ್ಯಾಪ್, ಬ್ರಿಡ್ಜ್ ಕೂತ ಮೇಲೆ ಮತ್ತೆ ಅಳತೆ ತೆಗೆದು ಖಾಯಂ ರಿಟೈನರ್ ಮಾಡಿದರು. ಕ್ಯಾಪಿನ ಆಕಾರ ಚೂರು ಬದಲಾದರೂ ಹಳೆಯದು ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ನಿಮ್ಮಲ್ಲಿ ಈ ಕ್ರಮ ಹೇಗೆ ಎಂದು ಕೇಳಿಕೊಳ್ಳಿ. ನಾನೀಗ ರಾತ್ರಿ ಮಾತ್ರ ಹಾಕುತ್ತೇನೆ. ಬಿಸಿನೀರಲ್ಲಿ ತೊಳೆಯಬೇಡಿ, ಸೊಟ್ಟ ಆಗ್ತದೆ.