‘ವೇಗ ಜಾಸ್ತಿ’ ಎಂದು ಮಾರುವ ತೋಟಾ ಮುಟ್ಟಬೇಡಿ

ಖಾನಾಪುರ, ಬೈಲಹೊಂಗಲ ಕಡೆಯ ಬಂದೂಕು ಪರವಾನಗಿದಾರರಿಗೆ ಒಂದು ಮಾತು. ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸಿಗೆ (ಹೊರಕವಚಕ್ಕೆ) ಮನೆಯಲ್ಲೇ ಮತ್ತೆ ಮದ್ದು ತುಂಬಿ, ‘ಕಾರ್ಖಾನೆಯದಕ್ಕಿಂತ ಅಗ್ಗ, ವೇಗವೂ ಜಾಸ್ತಿ’ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಸಾಗಹಾಕಿ.

ನಮ್ಮ ಸೋದರಮಾವನ ಬಳಿ ಹಳೆಯ .315 ರೈಫಲ್ ಇದೆ. ಚುನಾವಣೆಗೆಂದು ಠಾಣೆಯಲ್ಲಿ ಇರಿಸಿದ್ದನ್ನು ಬಿಡಿಸಿಕೊಂಡು ಬಂದ ಮೇಲೆ, ಪರಿಚಯದವನೊಬ್ಬ ಕೊಟ್ಟಿದ್ದ ಇಂಥದೇ ತೋಟಾ ಹಾಕಿ ಹಾರಿಸಿದರು. ನಾನು ಪಕ್ಕದಲ್ಲಿದ್ದೆ. ಸದ್ದೇ ಬೇರೆಯಾಗಿತ್ತು. ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಮಾವನ ಕೆನ್ನೆಯ ತುಂಬ ಕಪ್ಪು ಚುಕ್ಕೆಗಳು. ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು. ರೈಫಲಿನ ಹಿಂಬದಿ ಮುಚ್ಚುವ ಬೋಲ್ಟ್ ಬಿಗಿದುಕೊಂಡು ಅಲುಗಲಿಲ್ಲ. ರಿಪೇರಿಯವರು ಹೊರತೆಗೆದ ಕೇಸನ್ನು ನೋಡಿದೆ: ಮದ್ದಿಗೆ ಕಿಡಿ ಹೊತ್ತಿಸುವ, ಬುಡದಲ್ಲಿನ ಪ್ರೈಮರಿನ ದುಂಡಗಿರಬೇಕಾದ ಅಂಚು ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿತ್ತು, ಬುಡದಿಂದ ತುಸು ಮೇಲೆ ಕೇಸಿನ ಸುತ್ತಲೂ ಹೊಳೆಯುವ ಗೆರೆ, ಅದರಲ್ಲೊಂದು ಸೀಳು.

ವೇಗ ಪುಕ್ಕಟೆ ಸಿಗುವುದಿಲ್ಲ, ಒತ್ತಡದಿಂದ ಬರುತ್ತದೆ. ಮಿತಿಯ ಹತ್ತಿರ ಮದ್ದು ಸ್ವಲ್ಪ ಹೆಚ್ಚಾದರೂ ವೇಗ ಏರುವುದು ಅಷ್ಟಕ್ಕಷ್ಟೇ, ಒತ್ತಡ ಮಾತ್ರ ಜಿಗಿಯುತ್ತದೆ. ಗುಂಡನ್ನು ಕೇಸಿನೊಳಗೆ ಹೆಚ್ಚು ಆಳಕ್ಕೆ ಒತ್ತಿದರೆ ಒಳಗಿನ ಜಾಗ ಕಡಿಮೆಯಾಗಿ ಮತ್ತಷ್ಟು. ಬೇಗ ಉರಿಯುವ ಮದ್ದನ್ನು ನಿಧಾನ ಉರಿಯುವುದರ ತೂಕದಲ್ಲೇ ತುಂಬಿದರೆ ಬಂದೂಕೇ ಒಡೆಯಬಹುದು. ಇದರ ಮೇಲೆ ನಮ್ಮ ಏಪ್ರಿಲ್ ಬಿಸಿಲು: ಕಾರಿನಲ್ಲಿ ಕಾದ ತೋಟಾದ ಒತ್ತಡ ತಂಪಿನಲ್ಲಿದ್ದುದಕ್ಕಿಂತ ಹೆಚ್ಚು. ಅಂದಹಾಗೆ, ತೋಟಾ ಕೊಟ್ಟ ಆ ಮಹಾಶಯನ ಬಳಿ ವೇಗ ಅಳೆಯುವ ಕ್ರೋನೋಗ್ರಾಫ್ ಇರಲಿಲ್ಲ. ವೇಗ ಜಾಸ್ತಿಯೆಂದು ಅವನಿಗೆ ಹೇಳಿದವರು ಯಾರು? ನಿಜವಾಗಿಯೂ ಜಾಸ್ತಿಯಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ.

ಪರವಾನಗಿಯಿಲ್ಲದೆ ತೋಟಾ ತಯಾರಿಸಿ ಮಾರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ; 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ 7 ವರ್ಷ. ಅಧಿಕೃತ ಅಂಗಡಿಯಲ್ಲಿ ಕೊಂಡು ಪರವಾನಗಿ ಪುಸ್ತಕದಲ್ಲಿ ಬರೆಸಿಕೊಂಡ ತೋಟಾ ದುಬಾರಿ, ನಿಜ. ಮಾವನ ಆಸ್ಪತ್ರೆಯ ಖರ್ಚು ಅದಕ್ಕಿಂತ ದುಬಾರಿಯಾಯಿತು.

ಈಗಾಗಲೇ ಅಂಥ ತೋಟಾ ಹಾರಿಸಿ ಬೋಲ್ಟ್ ಬಿಗಿದುಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ. ನಳಿಗೆ ಸುರಕ್ಷಿತ ದಿಕ್ಕಿಗಿರಲಿ. ಗುಂಡು ಒಳಗೇ ಸಿಕ್ಕಿರಲೂಬಹುದು, ಆದ್ದರಿಂದ ಇನ್ನೊಂದು ತೋಟಾ ಹಾಕದೆ ಪರವಾನಗಿ ಇರುವ ರಿಪೇರಿಯವರಿಗೇ ತೋರಿಸಿ.