ಅಷ್ಟಮಿಗೆ ಮಕ್ಕಳಿಗೆ ಡಾರ್ಟ್ ಗನ್ ಕೊಡಿಸುವ ಮುಂಚೆ ಇದನ್ನು ಓದಿ

ಕೃಷ್ಣಾಷ್ಟಮಿಯ ಮರುದಿನದ ಉತ್ಸವ ವಿಟ್ಲಪಿಂಡಿ ಹತ್ತಿರ ಬರುತ್ತಿದೆ. ಉಡುಪಿಯ ರಥಬೀದಿಯ ಸುತ್ತಮುತ್ತ ಆಟಿಕೆಯವರು ಸಾಲಾಗಿ ಕೂರುತ್ತಾರೆ. ಮೊದಲೆಲ್ಲ ಅಷ್ಟಮಿ ಅಂದರೆ ಸಣ್ಣ ಕಾಯಿ ಹಾರಿಸುವ ಬಿದಿರಿನ ಪೇಟ್ಲ. ಈಗ ಮಕ್ಕಳು ಕೇಳುವುದು ಫೋಮ್ ಡಾರ್ಟ್, ಅಂದರೆ ಫೋಮಿನ ಸಣ್ಣ ಬಾಣ ಹಾರಿಸುವ ಗನ್. ಯಾವ ಕಂಪನಿಯದ್ದಾದರೂ ಮಕ್ಕಳ ಬಾಯಲ್ಲಿ ಅದು ‘ನರ್ಫ್ ಗನ್’. ನಿಜವಾದ ನರ್ಫ್ ಅಮೆರಿಕದ ಹ್ಯಾಸ್ಬ್ರೊ ಕಂಪನಿಯದ್ದು. ಸಂತೆಯಲ್ಲಿ, ಫ್ಯಾನ್ಸಿ ಅಂಗಡಿಯಲ್ಲಿ ನಾನು ನೋಡಿದ ಹೆಚ್ಚಿನವು ಅದರ ನಕಲು.

ಈ ಜುಲೈಯಲ್ಲಿ ಅಂಥದ್ದೊಂದು ನಕಲು ಗನ್ನಿನ ಡಾರ್ಟ್ ನನ್ನ ಮಗನ ಬಲಗಣ್ಣಿಗೆ ಬಡಿಯಿತು. ಕಣ್ಣಿನ ಒಳಗೆ ರಕ್ತ ಸೋರಿತು. ಅವನಿಗೆ ಒಂಬತ್ತು ವರ್ಷ. ಇನ್ನೊಂದು ಮನೆಯಲ್ಲಿ ಹೀಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ನಿಮ್ಮ ಬಿಲ್ಡಿಂಗಿನ ಗ್ರೂಪಿಗೂ ಕಳಿಸಿ.

ಅವತ್ತು ಜೋರು ಮಳೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದರು. ಹೊರಗೆ ಆಡುವ ಹಾಗಿಲ್ಲ ಎಂದು ನಮ್ಮ ಫ್ಲ್ಯಾಟಿನ ಮಕ್ಕಳೆಲ್ಲ ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಸೇರಿದ್ದರು. ಎರಡು ಪಾರ್ಟಿ ಮಾಡಿಕೊಂಡು ಯುದ್ಧದ ಆಟ. ಕಾರಿನ ಹಿಂದೆ ಒಬ್ಬ, ಕಂಬದ ಹಿಂದೆ ಇನ್ನೊಬ್ಬ. ನನ್ನ ಮಗ ಕಂಬದ ಮರೆಯಿಂದ ತಲೆ ಹೊರಗೆ ಹಾಕಿದ್ದಾನೆ. ಎದುರು ಮನೆಯ ಹುಡುಗ ಅದೇ ಹೊತ್ತಿಗೆ ಟ್ರಿಗರ್ ಒತ್ತಿದ್ದಾನೆ. ಇಬ್ಬರ ನಡುವೆ ಒಂದು ಕಾರಿನಷ್ಟೂ ಅಂತರ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಚೂರೂ ಸಿಟ್ಟಿಲ್ಲ. ಅವನು ಆಟದ ನಿಯಮದಂತೆಯೇ ಆಡಿದ್ದ. ಪಾಪ, ಎಷ್ಟೋ ದಿನ ನಮ್ಮ ಮನೆ ಬಾಗಿಲ ಹತ್ತಿರ ಬರಲೂ ಹೆದರುತ್ತಿದ್ದ.

ಮಗ ಕಣ್ಣು ಮುಚ್ಚಿಕೊಂಡು ಮೇಲೆ ಬಂದ. ಸ್ವಲ್ಪ ಅತ್ತ, ಆಮೇಲೆ ಸುಮ್ಮನಾದ. ಕಣ್ಣಿನ ಬಿಳಿ ಭಾಗ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಪಕ್ಕದ ಮನೆಯ ಅಜ್ಜಿ ಬಂದು, “ಎಂತ ಇಲ್ಲ ಮಾರಾಯ್ತಿ, ನಂದಿಬಟ್ಟಲು ಹೂವಿನ ರಸ ಎರಡು ಹನಿ ಬಿಡು, ತಂಪಾಗ್ತದೆ” ಎಂದರು. ಅಷ್ಟರಲ್ಲಿ ಮಗ, “ಅಮ್ಮ, ಈ ಕಣ್ಣಲ್ಲಿ ಎಲ್ಲ ಮಂಜು ಮಂಜು ಕಾಣ್ತದೆ” ಎಂದ. ಅದನ್ನು ಕೇಳಿದ ಮೇಲೆ ನಾನು ಒಂದು ನಿಮಿಷವೂ ನಿಲ್ಲಲಿಲ್ಲ. ಮಳೆಯಲ್ಲೇ ರಿಕ್ಷಾ ಹಿಡಿದು ಕಣ್ಣಿನ ಆಸ್ಪತ್ರೆಗೆ ಹೋದೆವು.

ಅಲ್ಲಿ ಗಲ್ಲವನ್ನು ಪಟ್ಟಿಯ ಮೇಲೆ ಇಡಿಸಿ, ಸ್ಲಿಟ್ ಲ್ಯಾಂಪ್ ಬೆಳಕಿನಲ್ಲಿ ಕಣ್ಣು ನೋಡಿದರು. ಡಾಕ್ಟ್ರು ನನ್ನನ್ನೂ ಕರೆದು ತೋರಿಸಿದರು. ಕಣ್ಣಿನ ಕಪ್ಪು ಭಾಗದ ತಳದಲ್ಲಿ ತೆಳುವಾದ ಕೆಂಪು ಗೆರೆ ನಿಂತಿತ್ತು. ಗೆರೆಯ ಮೇಲಂಚು ಸಪಾಟಾಗಿತ್ತು. ಅದು ರಕ್ತ. ಮುಂದಿನ ಪಾರದರ್ಶಕ ಪದರಕ್ಕೂ ಅದರ ಹಿಂದಿನ ಬಣ್ಣದ ಪದರಕ್ಕೂ ನಡುವೆ ನೀರು ತುಂಬಿದ ಜಾಗ ಇರುತ್ತದೆ. ಬಡಿತಕ್ಕೆ ಬಣ್ಣದ ಪದರದ ಸಣ್ಣ ರಕ್ತನಾಳ ಹರಿದು ಆ ಜಾಗಕ್ಕೆ ರಕ್ತ ಇಳಿದಿತ್ತು. ಇದಕ್ಕೆ ಹೈಫೀಮಾ ಎನ್ನುತ್ತಾರೆ. ನಮ್ಮ ಕಡೆಯವರ ಕಣ್ಣು ಕಡು ಕಂದು ಬಣ್ಣದ್ದು. ಹಾಗಾಗಿ ಈ ಗೆರೆ ಮನೆಯ ಬೆಳಕಿನಲ್ಲಿ ಕಾಣಿಸುವುದೇ ಕಷ್ಟ. ಮಗು ಮಲಗಿದ್ದರೆ ಇನ್ನೂ ಕಷ್ಟ, ಯಾಕೆಂದರೆ ರಕ್ತ ಹರಡಿಕೊಂಡು ಬರೀ ಮಬ್ಬು ಅನ್ನಿಸುತ್ತದೆ.

ಕಣ್ಣಿನ ಒತ್ತಡ ಅಳೆದರು. ಪಾಪೆ ಹಿಗ್ಗಿಸುವ ಹನಿ, ಊತ ಇಳಿಸುವ ಹನಿ, ಕಣ್ಣಿನ ಮೇಲೆ ಗಟ್ಟಿ ಮುಚ್ಚಳ. ಎರಡು ದಿಂಬು ಇಟ್ಟು ತಲೆ ಎತ್ತರಿಸಿಯೇ ಮಲಗಿಸಬೇಕು. ಓಡುವುದು, ಬಗ್ಗುವುದು, ಕುಣಿಯುವುದು ಯಾವುದೂ ಇಲ್ಲ. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವ ಜಾಸ್ತಿಯಾಗಬಹುದು ಎಂದು ಬರೆದೇ ಕೊಟ್ಟರು. ಮೊದಲ ಕೆಲವು ದಿನ ಮತ್ತೆ ರಕ್ತ ಸೋರುವ ಸಾಧ್ಯತೆ ಇರುತ್ತದೆ, ಎರಡನೇ ಸಲದ್ದು ಮೊದಲನೆಯದಕ್ಕಿಂತ ಕೆಟ್ಟದಾಗಿರಬಹುದು ಎಂದೂ ಹೇಳಿದರು. ಒಂಬತ್ತು ವರ್ಷದ ಹುಡುಗನನ್ನು ಮಳೆಗಾಲದಲ್ಲಿ ಮನೆಯೊಳಗೆ ಅಲುಗಾಡದಂತೆ ಕೂರಿಸುವುದು ಎಂದರೆ ಏನೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ ಅಲ್ವಾ.

ಈಗ ರಕ್ತ ಪೂರ್ತಿ ಕರಗಿದೆ, ದೃಷ್ಟಿ ಮರಳಿದೆ. ಆದರೆ ಇಂಥ ಬಡಿತ ಬಿದ್ದ ಕಣ್ಣಿನಲ್ಲಿ ಒಳಗಿನ ನೀರು ಹೊರಹೋಗುವ ಮೂಲೆಗೆ ಪೆಟ್ಟಾಗಿದ್ದರೆ, ಎಷ್ಟೋ ವರ್ಷಗಳ ಮೇಲೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ನಿಧಾನಕ್ಕೆ ದೃಷ್ಟಿ ಹೋಗುವ ಕಾಯಿಲೆ ಬರಬಹುದು. ಅದಕ್ಕೆ ನೋವಿರುವುದಿಲ್ಲ, ಸೂಚನೆಯೂ ಇರುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸುತ್ತಲೇ ಇರಬೇಕು, ಅವನು ದೊಡ್ಡವನಾದ ಮೇಲೂ. ನನಗೆ ಈಗಲೂ ಸಂಕಟವಾಗುವುದು ಇದಕ್ಕೇ.

ಫೋಮ್ ಮೆತ್ತಗಲ್ವಾ, ಅದರಿಂದ ಹೇಗೆ ಪೆಟ್ಟಾಗುತ್ತದೆ ಎಂದು ತುಂಬಾ ಜನ ಕೇಳಿದರು. ಡಾಕ್ಟ್ರು ಬಿಡಿಸಿ ಹೇಳಿದ್ದು ಹೀಗೆ. ಡಾರ್ಟ್ ಸುಮಾರು 7 ಸೆಂ.ಮೀ. ಉದ್ದ, ದಪ್ಪ 13 ಮಿ.ಮೀ. ಆಸುಪಾಸು. ದೊಡ್ಡವರ ಕಣ್ಣುಗುಡ್ಡೆಯೇ 24 ಮಿ.ಮೀ. ಅಡ್ಡಳತೆ. ಫುಟ್ಬಾಲ್‌ನಂಥ ದೊಡ್ಡ ಚೆಂಡು ಮುಖಕ್ಕೆ ಬಿದ್ದರೆ ಹುಬ್ಬಿನ ಎಲುಬು, ಕೆನ್ನೆಯ ಎಲುಬು ಸೇರಿ ಬಹುಪಾಲು ಪೆಟ್ಟನ್ನು ತಡೆಯುತ್ತವೆ. ಡಾರ್ಟ್ ಆ ಎಲುಬುಗಳ ನಡುವೆ ಸಲೀಸಾಗಿ ನುಸುಳಿ ನೇರ ಗುಡ್ಡೆಗೇ ಬಡಿಯುತ್ತದೆ. ತೂಕ ಒಂದು ಗ್ರಾಂ ಚಿಲ್ಲರೆ ಇದ್ದರೂ ವೇಗ ಇದೆ. ಒಳಗೆ ಇರುವುದು ಸೈಕಲ್ ಪಂಪಿನಂಥದ್ದೇ ವ್ಯವಸ್ಥೆ. ಹಿಡಿ ಎಳೆದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಡಾರ್ಟಿನ ಹಿಂದೆ ತಳ್ಳುತ್ತದೆ. ಒಳ್ಳೆಯ ಗನ್ನಿನಿಂದ ಡಾರ್ಟ್ ಸೆಕೆಂಡಿಗೆ 20 ಮೀಟರ್‌ನಷ್ಟು ಹೋಗುತ್ತದೆ, ಅಂದರೆ ಗಂಟೆಗೆ 70 ಕಿ.ಮೀ. ಮೇಲೆ. ಎರಡು ಮೀಟರ್ ದೂರದಿಂದ ಹೊಡೆದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಖ ಮುಟ್ಟುತ್ತದೆ. ಮಗು ರೆಪ್ಪೆ ಮುಚ್ಚಿಕೊಂಡೀತು ಎಂದು ನಂಬುವ ಹಾಗಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು 2017ರಲ್ಲಿ ಇಂಥ ಮೂರು ಪ್ರಕರಣಗಳ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಇಬ್ಬರು ದೊಡ್ಡವರು, ಒಬ್ಬ 11 ವರ್ಷದ ಹುಡುಗ. ಮೂವರಿಗೂ ಆಗಿದ್ದು ನನ್ನ ಮಗನಿಗೆ ಆಗಿದ್ದೇ, ಕಣ್ಣಿನೊಳಗೆ ರಕ್ತ.

ಮನೆಗೆ ಬಂದ ಮೇಲೆ ಆ ಡಾರ್ಟನ್ನು ಹುಡುಕಿ ತಂದು ನೋಡಿದೆ. ಕಂಪನಿಯ ಡಾರ್ಟಿನ ತುದಿ ಮೆತ್ತನೆ ರಬ್ಬರಿನದು, ಒಳಗೆ ಟೊಳ್ಳು. ಬೆರಳಲ್ಲಿ ಹಿಂಡಿದರೆ ಚಪ್ಪಟೆಯಾಗುತ್ತದೆ. ಇದರ ತುದಿಗೆ ಉಗುರು ಊರಿದರೂ ಗುರುತು ಬೀಳಲಿಲ್ಲ. ಹೆಂಚಿನ ಬಣ್ಣದ ಗಟ್ಟಿ ಪ್ಲಾಸ್ಟಿಕ್ ಟೊಪ್ಪಿಯನ್ನು ಗಮ್ ಹಾಕಿ ಅಂಟಿಸಿದ್ದರು, ಅಷ್ಟೇ. ನಮ್ಮ ಊರಿನ ತೇವಕ್ಕೆ ಗಮ್ ಬಿಟ್ಟು ಟೊಪ್ಪಿ ಒಂದು ಕಡೆ ವಾಲಿತ್ತು. ಅದೇ ಪ್ಯಾಕೆಟ್ಟಿನ ಇನ್ನೊಂದು ಡಾರ್ಟಿನ ಟೊಪ್ಪಿ ಕಳಚಿಯೇ ಹೋಗಿ, ಪಾರ್ಕಿಂಗಿನಲ್ಲಿ ಎಲ್ಲೋ ಬಿದ್ದಿತ್ತು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಇದು ಇನ್ನೊಂದು ದೊಡ್ಡ ಅಪಾಯ. ಅಮೆರಿಕದಲ್ಲಿ 2010ರಲ್ಲಿ ಮೆತ್ತನೆ ಪ್ಲಾಸ್ಟಿಕ್ ಡಾರ್ಟಿನ ಒಂದು ಆಟಿಕೆಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿದ್ದರು. ಕಾರಣ, ಡಾರ್ಟನ್ನು ಬಾಯಲ್ಲಿ ಇಟ್ಟುಕೊಂಡ ಮಕ್ಕಳು ಉಸಿರುಗಟ್ಟಿ ಸತ್ತಿದ್ದರು. ಅವರು ಕೂಸುಗಳಲ್ಲ, ಶಾಲೆಗೆ ಹೋಗುವ ವಯಸ್ಸಿನವರು. ಗನ್ ಲೋಡ್ ಮಾಡುವಾಗ ಎರಡನೇ ಡಾರ್ಟನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ನಮ್ಮ ಬಿಲ್ಡಿಂಗಿನ ಮಕ್ಕಳಲ್ಲೂ ಇತ್ತು. ನಿಮ್ಮ ಮಕ್ಕಳನ್ನೂ ಒಮ್ಮೆ ಗಮನಿಸಿ.

ಗನ್ ತಂದ ಫ್ಯಾನ್ಸಿ ಅಂಗಡಿಗೆ ಎದುರು ಮನೆಯವರ ಜೊತೆ ನಾನೂ ಹೋಗಿದ್ದೆ. ಅಂಗಡಿಯ ಹೆಸರು ಬೇಡ, ಇಂಥ ಅಂಗಡಿ ಅದೊಂದೇ ಅಲ್ಲ. “ಫೋಮ್ ಅಲ್ವಾ ಮೇಡಂ, ಎಂತ ಆಗುದಿಲ್ಲ. ನಿಮ್ಮ ಹುಡುಗನ ಗ್ರಹಚಾರ ಅಷ್ಟೆ” ಎಂದರು. ಬಿಲ್ ಕೊಟ್ಟೇ ಇರಲಿಲ್ಲ. ಡಬ್ಬಿಯ ಮೇಲೆ ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ವಯಸ್ಸಿನ ಸೂಚನೆ ಇಲ್ಲ. ಐಎಸ್‌ಐ ಗುರುತು ಇಲ್ಲವೇ ಇಲ್ಲ. ಮಗುವಿನ ಕಣ್ಣಿಗೆ ಗ್ರಹಚಾರದ ಹೆಸರು ಹೇಳಿ ಕೈತೊಳೆದುಕೊಂಡದ್ದನ್ನು ನಾನು ಮರೆಯುವುದಿಲ್ಲ.

ಐಎಸ್‌ಐ ಗುರುತಿಲ್ಲದ ಆಟಿಕೆ ಮಾರುವುದೇ ಕಾನೂನಿಗೆ ವಿರುದ್ಧ ಎನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಈ ಗುರುತು ಕಡ್ಡಾಯ. ಕೈಯಲ್ಲಿ ಎಳೆಯುವ ಸ್ಪ್ರಿಂಗ್ ಗನ್ನಾದರೆ ಗುರುತಿನ ಮೇಲ್ಗಡೆ ಐಎಸ್ 9873 ಎಂದಿರಬೇಕು. ಬ್ಯಾಟರಿ, ಮೋಟಾರ್ ಇರುವುದಾದರೆ ಐಎಸ್ 15644. ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಎನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಅಂಗಡಿಯಲ್ಲಿ ನಿಂತೇ ನೋಡಬಹುದು. ಗುರುತನ್ನೂ ನಕಲು ಮಾಡುವವರಿದ್ದಾರೆ, ಅದಕ್ಕೇ ನಂಬರ್ ಹಾಕಿ ನೋಡಿ ಎನ್ನುತ್ತಿದ್ದೇನೆ. ಅದೇ ಆ್ಯಪ್‌ನಲ್ಲಿ ದೂರನ್ನೂ ಕೊಡಬಹುದು. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ ಇಲ್ಲದೆ ನಮ್ಮ ಮಾತಿಗೆ ಅಂಗಡಿಯವರು ಕಿವಿಗೊಡಲಿಲ್ಲ.

ಆದರೆ ಒಂದು ಮಾತು. ಐಎಸ್‌ಐ ಗುರುತು ಇದ್ದರೂ, ಅಸಲಿ ನರ್ಫೇ ಆದರೂ, ಹತ್ತಿರದಿಂದ ಕಣ್ಣಿಗೆ ಬಿದ್ದರೆ ಪೆಟ್ಟು ಪೆಟ್ಟೇ. ಕಂಪನಿಯವರೇ ಡಬ್ಬಿಯ ಮೇಲೆ ಕಣ್ಣಿಗೆ, ಮುಖಕ್ಕೆ ಗುರಿ ಇಡಬೇಡಿ, ಬೇರೆ ಡಾರ್ಟ್ ಹಾಕಬೇಡಿ, ಗನ್ ಬಿಚ್ಚಿ ಬದಲಾಯಿಸಬೇಡಿ ಎಂದು ಬರೆಯುತ್ತಾರೆ. ಸಾಮಾನ್ಯ ಡಾರ್ಟ್ ಗನ್ನುಗಳಿಗೆ 8 ವರ್ಷ ಮೇಲ್ಪಟ್ಟವರು ಎಂದಿರುತ್ತದೆ. ಗುಂಡಗಿನ ಫೋಮ್ ಚೆಂಡು ಹಾರಿಸುವ ನರ್ಫ್ ರೈವಲ್ ಇನ್ನೂ ಜೋರು, ಅದರ ಮೇಲೆ 14 ಎಂದೇ ಇದೆ. ಸ್ಪ್ರಿಂಗ್ ಬದಲಿಸಿ ಜೋರು ಮಾಡುವುದು ಹೇಗೆ ಎಂದು ಯೂಟ್ಯೂಬ್‌ನಲ್ಲಿ ವಿಡಿಯೋಗಳಿವೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಅಣ್ಣಂದಿರಿದ್ದರೆ ಅವರನ್ನೂ ಒಂದು ಮಾತು ಕೇಳಿ.

ಅದಕ್ಕೇ ನಮ್ಮ ಬಿಲ್ಡಿಂಗಿನಲ್ಲಿ ಈಗ ಕನ್ನಡಕ ಹಾಕದೆ ಯಾರೂ ಗನ್ ಮುಟ್ಟುವ ಹಾಗಿಲ್ಲ. ಆಡುವವರು ಮಾತ್ರವಲ್ಲ, ನೋಡುತ್ತಾ ನಿಂತವರೂ ಹಾಕಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಸಾಮಾನಿನ ಪಕ್ಕ ಪಾಲಿಕಾರ್ಬೊನೇಟ್ ಸೇಫ್ಟಿ ಗ್ಲಾಸ್ ಸಿಗುತ್ತದೆ. ಬದಿಗಳೂ ಮುಚ್ಚಿರುವುದನ್ನು ಆರಿಸಿ, ಮಕ್ಕಳ ಮುಖಕ್ಕೆ ಹಾಕಿಸಿಯೇ ನೋಡಿ. ಸಡಿಲವಾಗಿದ್ದರೆ ಹಿಂದಿನಿಂದ ಇಲಾಸ್ಟಿಕ್ ಕಟ್ಟಬೇಕು. ತಂಪು ಕನ್ನಡಕ ಬೇಡ, ಅದು ಒಡೆಯಬಹುದು. ಈಜುವ ಗಾಗಲ್ ಬೇಡ, ಅದರ ಅಂಚು ಕಣ್ಣಿನ ಗುಳಿಯೊಳಗೇ ಕೂರುತ್ತದೆ, ಪೆಟ್ಟು ಬಿದ್ದರೆ ಒಳಕ್ಕೆ ಒತ್ತುತ್ತದೆ. ಓದುವ ಕನ್ನಡಕ ಹಾಕುವ ಮಕ್ಕಳಿಗೂ ಅದರ ಮೇಲೆ ಸೇಫ್ಟಿ ಗ್ಲಾಸ್ ಬೇಕೇ ಬೇಕು. ಗಟ್ಟಿ ತುದಿಯ ಡಾರ್ಟ್ ಎಲ್ಲ ಎಸೆದಿದ್ದೇವೆ. ಕಂಬದ ಮರೆಯಿಂದ ಹತ್ತಿರ ಬಂದು ಹೊಡೆಯುವುದನ್ನು ಮಕ್ಕಳೇ ಸೇರಿ ನಿಲ್ಲಿಸಿದ್ದಾರೆ. ಹತ್ತಿರ ಸಿಕ್ಕಿದರೆ ‘ಔಟ್’ ಎಂದರೆ ಸಾಕು, ಹೊಡೆಯಬೇಕಾಗಿಲ್ಲ. ನನ್ನ ಮಗನೇ ಹೇಳಿದ ನಿಯಮ ಅದು. ಆಟದ ಮಜಾ ಏನೂ ಕಡಿಮೆಯಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಯಾರ ಕಣ್ಣಿಗಾದರೂ ಬಿದ್ದರೆ, ಉಜ್ಜಲು ಬಿಡಬೇಡಿ. ಐಸ್ ಒತ್ತಬೇಡಿ. ಹೂವಿನ ರಸ, ರೋಸ್ ವಾಟರ್, ಎಣ್ಣೆ, ಎದೆಹಾಲು ಏನನ್ನೂ ಬಿಡಬೇಡಿ. ಮನೆಯಲ್ಲಿ ಉಳಿದ ಹಳೆಯ ಐ ಡ್ರಾಪ್ಸ್ ಕೂಡ ಬೇಡ. ಮಗುವನ್ನು ಕೂರಿಸಿಯೇ ಇಡಿ, ಮಲಗಿಸಬೇಡಿ. ಒಂದು ಕಾಗದದ ಲೋಟವನ್ನು ಕಣ್ಣಿಗೆ ತಾಗದ ಹಾಗೆ ಸುತ್ತಲಿನ ಎಲುಬಿನ ಮೇಲೆ ನಿಲ್ಲಿಸಿ ಹಗುರವಾಗಿ ಟೇಪ್ ಹಾಕಿದರೆ ಕೈ ಹೋಗುವುದಿಲ್ಲ. ನೋವು ಇಳಿಯಿತು, ಆಟಕ್ಕೆ ಹೋಗಲಾ ಎಂದು ಮಗು ಕೇಳಿದರೂ ಅದೇ ದಿನ ಕಣ್ಣಿನ ಡಾಕ್ಟ್ರಿಗೆ ತೋರಿಸಿ. ಮಬ್ಬು ಕಾಣುವುದು, ಬೆಳಕು ನೋಡಲಾಗದಿರುವುದು, ವಾಂತಿ, ಇದ್ದಕ್ಕಿದ್ದಂತೆ ನಿದ್ದೆಗೆ ಜಾರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ತುರ್ತು ವಿಭಾಗಕ್ಕೆ ಹೋಗಿ. ಹೋಗುವಾಗ ತಾಗಿದ ಡಾರ್ಟನ್ನೂ ಚೀಲಕ್ಕೆ ಹಾಕಿಕೊಳ್ಳಿ. ನಮ್ಮ ಡಾಕ್ಟ್ರು ಮೊದಲು ಕೇಳಿದ್ದು ಅದನ್ನೇ, ತುದಿ ಮೆತ್ತಗಿತ್ತಾ ಗಟ್ಟಿಯಿತ್ತಾ ಎಂದು.