ಕುಲಾಬಾ, ಖಾಂದೇರಿ, ಅರ್ನಾಳಾ: ತಿಥಿ ನೋಡಿ ಹೊರಡಿ

ಎಲಿಫೆಂಟಾ ನೋಡಿ ಮುಗಿಸಿದ ಮುಂಬಯಿ ಕನ್ನಡಿಗರಿಗೆ, ಹೋಗಿ ಬಂದು ತೂಗಿ ನೋಡಿದ ಮೂರು ದ್ವೀಪಕೋಟೆಗಳಿವು. ಯಾವುದು ಚೆಂದ ಎನ್ನುವುದಕ್ಕಿಂತ ಅಂದು ಯಾವ ತಿಥಿ ಎನ್ನುವುದೇ ಇಲ್ಲಿ ಮುಖ್ಯ.

ಅಲಿಬಾಗಿನ ಕುಲಾಬಾಕ್ಕೆ ಇಳಿತದಲ್ಲಿ ನಡೆದೇ ಹೋಗಬಹುದು. ಕೊಂಕಣದ ಮೀನುಗಾರರ ಲೆಕ್ಕಕ್ಕೆ ಗೋಡೆಯ ಪಂಚಾಂಗ ಸಾಕು: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲೇ ಉಬ್ಬರದ ಗಂಟೆ, ಅದಕ್ಕೆ ಆರು ತಾಸು ಹಿಂದೆ ಮುಂದೆ ಇಳಿತ. ಪಂಚಮಿಯಂದು ಉಬ್ಬರ ಸುಮಾರು 3.45ಕ್ಕೆ, ಇಳಿತ ಬೆಳಿಗ್ಗೆ 9.45ಕ್ಕೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಬಹಳ ದೂರ ಸರಿಯುತ್ತದೆ ನಿಜ, ಆದರೆ ಬೆಳಗಿನ ಮತ್ತು ಸಂಜೆಯ ಐದು-ಆರರ ಹೊತ್ತಿಗೆ. ನಾವು ತಲುಪುವಾಗ ಸಮುದ್ರ ತುಂಬಿರುತ್ತದೆ. ಅಷ್ಟಮಿಗೆ ಇಳಿತ ನಡುಹಗಲಿಗೇ ಬಂದರೂ ನೀರು ಪೂರ್ತಿ ಸರಿಯದೆ ಮೊಣಕಾಲು ನೆನೆಯುತ್ತದೆ. ಹಾಗಾಗಿ ಪಂಚಮಿ, ಷಷ್ಠಿಯೇ ವಾಸಿ. ಗೇಟ್‌ವೇಯಿಂದ ಮಾಂಡವಾಕ್ಕೆ ಬೋಟಿನಲ್ಲಿ ಒಂದು ತಾಸು, ಅಲ್ಲಿಂದ ಬಸ್ಸು. ಮೊದಲ ಬೋಟನ್ನೇ ಹಿಡಿಯಿರಿ.

ಇಳಿತಕ್ಕೆ ಒಂದು ತಾಸು ಮುಂಚೆ ನಡೆಯಲು ಶುರುಮಾಡಿ, ಇಳಿತ ಕಳೆದ ತಾಸಿನೊಳಗೆ ದಡ ಸೇರಿ. ನೀರು ಮೊದಲು ತುಂಬುವುದು ದಾರಿ ನಡುವಿನ ತಗ್ಗುಗಳಲ್ಲಿ. ಕೋಟೆಯ ಬುಡ ಒಣಗಿದೆಯೆಂದು ನಂಬಿ ನಿಂತವರು ಸಿಕ್ಕಿಬೀಳುವುದು ಅದಕ್ಕೇ. ಹವಾಯಿ ಚಪ್ಪಲಿ ಕೆಸರಲ್ಲಿ ಕಚ್ಚಿಕೊಳ್ಳುತ್ತದೆ, ಬರಿಗಾಲನ್ನು ಬಂಡೆಯ ಚಿಪ್ಪು ಕೊಯ್ಯುತ್ತದೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಬೇಕು. ಒಳಗೆ 1759ರ ಸಿದ್ಧಿವಿನಾಯಕ ಗುಡಿ, ಉತ್ತರದ ಗೋಡೆಯ ಬಳಿ ಚಕ್ರದ ಮೇಲೆ ಕೂತ ಎರಡು ಫಿರಂಗಿ ತಪ್ಪಿಸಬೇಡಿ.

ಖಾಂದೇರಿಯದು ತಿರುವುಮುರುವು. ದೋಣಿ ಹೊರಡುವ, ಅಲಿಬಾಗಿನ ಹತ್ತಿರದ ಥಳ್ ದಡದಲ್ಲಿ ನೀರಿಳಿದರೆ ದೋಣಿ ನೆಲಕ್ಕೆ ಕೂರುತ್ತದೆ, ಆದ್ದರಿಂದ ಉಬ್ಬರ ಬೇಕು. ಕುಲಾಬಾದ ಜೊತೆ ಒಂದೇ ದಿನಕ್ಕೆ ಇದನ್ನೂ ಹೊಂದಿಸಹೋದರೆ ಎರಡೂ ಅರೆಬರೆಯಾಗುತ್ತವೆ. ಇಡೀ ದೋಣಿ ಬಾಡಿಗೆಗೆ ಹಿಡಿಯಬೇಕಾದ್ದರಿಂದ ಎಂಟು ಹತ್ತು ಜನರಿದ್ದರೆ ಮಾತ್ರ ಗಿಟ್ಟುತ್ತದೆ. ಊಟ, ಕುಡಿಯುವ ನೀರು ಹೊತ್ತೇ ಹೋಗಿ. ಆದರೆ ಮೂರರಲ್ಲಿ ನಮ್ಮ ಮನಸ್ಸು ಇದರ ಕಡೆಗೇ: 1867ರ ದೀಪಸ್ತಂಭ, ವೇತಾಳನ ಗುಡಿ, ಕಲ್ಲಿನಿಂದ ತಟ್ಟಿದರೆ ಕಂಚಿನ ಪಾತ್ರೆಯಂತೆ ಠಣ್ ಎನ್ನುವ ಬಂಡೆ. 2025ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮರಾಠಾ ಕೋಟೆಗಳಲ್ಲಿ ಇದೂ ಒಂದು.

ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅರ್ನಾಳಾ. ವಿರಾರ್ ಪಶ್ಚಿಮದಿಂದ ಬಸ್ಸು, ಆಮೇಲೆ ಕೆಲವೇ ನಿಮಿಷದ ದೋಣಿ. ಕೆಲಸದ ದಿನ ಬೆಳಿಗ್ಗೆ ವಿರಾರ್ ಕಡೆಯ ಲೋಕಲ್‌ನಲ್ಲಿ ಸೀಟೂ ಸಿಗುತ್ತದೆ. ಮರಾಠರು 1737ರಲ್ಲಿ ಗೆದ್ದ ಕೋಟೆಯೊಳಗೆ ಎಂಟು ಮೂಲೆಯ ಕೆರೆಯಿದೆ, ಹೊರಗೆ ಮೀನುಗಾರರ ಕೇರಿ. ಒಣಹಾಕಿದ ಬೊಂಬಿಲ್ ಮೀನು ದಾಟುವಾಗ ಕಾಲು ನೋಡಿ ಇಡಿ, ಅದು ಅವರ ಅನ್ನ. ಇಳಿಯುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಕೇಳಿಟ್ಟುಕೊಳ್ಳಿ.